ಎಂಟರ್ ಒತ್ತುವ ಮೊದಲು ಓದಿಸುವ ಪೆಟ್ಟಿಗೆ: ಆಟೋಹಾಟ್‌ಕೀ ಸ್ಕ್ರಿಪ್ಟ್‌ಗಳಲ್ಲಿ ಸಂದೇಶ ಪೆಟ್ಟಿಗೆಯ ರೂಪ ಬದಲಿಸುವ ಬಗೆ

ನಾನು ಕೆಲಸ ಮಾಡುವುದು ಚಿಕ್ಕಮಗಳೂರಿನ ಅಂಚಿನಲ್ಲಿರುವ ಒಂದು ಕಾಫಿ ಖರೀದಿ ಗೋದಾಮಿನ ಲೆಕ್ಕದ ಕೋಣೆಯಲ್ಲಿ. ಕೊಯ್ಲಿನ ದಿನಗಳಲ್ಲಿ ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ಪಿಕಪ್ ಗಾಡಿಗಳು ಬೆಳಗಿನಿಂದಲೇ ಸಾಲು ನಿಲ್ಲುತ್ತವೆ. ಚೀಲ ಇಳಿಯುತ್ತದೆ, ತೂಕವಾಗುತ್ತದೆ, ತೇವಾಂಶ ನೋಡುತ್ತಾರೆ, ಮಾದರಿ ತೆಗೆದು ಔಟ್‌ಟರ್ನ್ (ಸಿಪ್ಪೆ ಕಳೆದು ಸಿಗುವ ಕಾಳಿನ ಪ್ರಮಾಣ) ಲೆಕ್ಕ ಹಾಕುತ್ತಾರೆ, ಚೀಟಿ ಬರೆದು ಎಕ್ಸೆಲ್ ಹಾಳೆಗೆ ತುಂಬಿಸುತ್ತಾರೆ. ಸಂಜೆ ಆ ಹಾಳೆಯ ಸಾಲುಗಳನ್ನು ಬಿಲ್ಲಿನ ತಂತ್ರಾಂಶಕ್ಕೆ ಒಂದೊಂದಾಗಿ ಸಾಗಿಸುವ ಕೆಲಸವನ್ನು ನಾನು ಒಂದು ಪುಟ್ಟ ಆಟೋಹಾಟ್‌ಕೀ ಸ್ಕ್ರಿಪ್ಟ್‌ಗೆ ಒಪ್ಪಿಸಿದ್ದೇನೆ. ಆಟೋಹಾಟ್‌ಕೀ ಎಂದರೆ ವಿಂಡೋಸ್‌ನಲ್ಲಿ ಕೈಯಿಂದ ಮತ್ತೆ ಮತ್ತೆ ಮಾಡುವ ಕೆಲಸಗಳನ್ನು ತಾನಾಗಿ ಮಾಡಿಸುವ ತಂತ್ರಾಂಶ; ಸ್ಕ್ರಿಪ್ಟ್ ಎಂದರೆ ಅದಕ್ಕೆ ಬರೆದುಕೊಡುವ ಆದೇಶಗಳ ಕಡತ. ಕೈಯಿಂದ ಮಾಡಿದರೆ ಎರಡು ಗಂಟೆ ಹಿಡಿಯುವುದನ್ನು ಅದು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ.

ಎರಡು ವರ್ಷಗಳ ಹಿಂದೆ, ಜನವರಿಯ ಒಂದು ಸಂಜೆ, ಆ ಸ್ಕ್ರಿಪ್ಟ್ ನಡುವೆ ನಿಂತು ಒಂದು ಪ್ರಶ್ನೆ ಕೇಳಿತು. ಚಿಕ್ಕ ಪೆಟ್ಟಿಗೆ, ಇಂಗ್ಲಿಷಿನಲ್ಲಿ ಒಂದೇ ಪದ ಮತ್ತು ಪ್ರಶ್ನಾರ್ಥಕ ಚಿಹ್ನೆ, ಕೆಳಗೆ ಯೆಸ್ ಮತ್ತು ನೋ. ತೂಕದ ಕೋಣೆಯ ಹಿರಿಯರು ಆಗ ಅದೇ ಕಂಪ್ಯೂಟರಿನಲ್ಲಿ ಕೊನೆಯ ಗಾಡಿಯ ಚೀಲಗಳ ತೂಕ ತುಂಬಿಸುತ್ತಿದ್ದರು. ಅವರು ಒತ್ತಿದ ಎಂಟರ್ ಎಕ್ಸೆಲ್‌ಗೆ ಹೋಗದೆ ಪೆಟ್ಟಿಗೆಗೆ ಹೋಯಿತು. ಹಿಂದಿನ ದಿನದ 43 ಚೀಟಿಗಳ ಮೇಲೆ ಆ ದಿನದ ಚೀಟಿಗಳು ಕುಳಿತವು. "ನೋಡಮ್ಮಾ, ಏನೋ ಒಂದು ಬಂದಿತು. ಕನ್ನಡಕ ಸರಿಮಾಡಿಕೊಂಡು ಓದುವಷ್ಟರಲ್ಲಿ ಹೋಗಿಬಿಟ್ಟಿತು" ಎಂದರು. ಕಾರ್ಬನ್ ಪ್ರತಿಗಳು ಇದ್ದುದರಿಂದ ರಾತ್ರಿ ಹನ್ನೊಂದರವರೆಗೆ ಕುಳಿತು ಎಲ್ಲವನ್ನೂ ಮತ್ತೆ ತುಂಬಿಸಿದೆವು. ಅವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಓದಲು ಆಗದಂತೆ, ಒತ್ತಲು ಮಾತ್ರ ಆಗುವಂತೆ ಪೆಟ್ಟಿಗೆಯನ್ನು ಮಾಡಿಟ್ಟಿದ್ದವಳು ನಾನು.

ಅಲ್ಲಿಂದ ಈಚೆಗೆ ಪ್ರತಿ ಸ್ಕ್ರಿಪ್ಟ್‌ನಲ್ಲೂ ಸಂದೇಶ ಪೆಟ್ಟಿಗೆಯನ್ನು ಕೊನೆಯ ಅಲಂಕಾರವೆಂದು ನೋಡದೆ ಕೆಲಸದ ಭಾಗವೆಂದೇ ನೋಡುತ್ತಿದ್ದೇನೆ. ಕಲಿತದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ಆದೇಶಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಸ್ಕ್ರಿಪ್ಟ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಯಾವ ಆವೃತ್ತಿ, ಯಾವ ಕ್ರಮ

ಆಟೋಹಾಟ್‌ಕೀ ಉಚಿತ ತಂತ್ರಾಂಶ. ಕ್ರಿಸ್ ಮ್ಯಾಲೆಟ್ ಅದನ್ನು 2003ರಲ್ಲಿ ಹೊರತಂದರು. ಎರಡನೆಯ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂದಿತು. ಈ ಎರಡರ ಬರವಣಿಗೆಯ ಕ್ರಮ ಬೇರೆ. ಹಳೆಯದರಲ್ಲಿ ಮೊದಲು ಆಯ್ಕೆಯ ಸಂಖ್ಯೆ, ಆಮೇಲೆ ಶೀರ್ಷಿಕೆ, ಕೊನೆಗೆ ಸಂದೇಶ. ಹೊಸದರಲ್ಲಿ ಮೊದಲು ಸಂದೇಶ, ಆಮೇಲೆ ಶೀರ್ಷಿಕೆ, ಕೊನೆಗೆ ಆಯ್ಕೆ. ಎಲ್ಲಿಂದಲೋ ನಕಲು ಮಾಡಿದ ಸಾಲು ಕೆಲಸ ಮಾಡದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ನಾನು ಇಲ್ಲಿ ಹೇಳುವುದೆಲ್ಲ ಎರಡನೆಯ ಆವೃತ್ತಿಗೆ ಹೊಂದುತ್ತದೆ.

ಪೆಟ್ಟಿಗೆಯನ್ನು ತೋರಿಸುವ ಸಾಲಿನ ರೂಪ ಹೀಗಿದೆ:

ಎಂಎಸ್‌ಜಿಬಾಕ್ಸ್("ಸಂದೇಶ", "ಶೀರ್ಷಿಕೆ", ಆಯ್ಕೆಯ ಸಂಖ್ಯೆ)

ಶೀರ್ಷಿಕೆ ಕೊಡದಿದ್ದರೆ ಸ್ಕ್ರಿಪ್ಟ್ ಕಡತದ ಹೆಸರೇ ಅಲ್ಲಿ ಕಾಣಿಸುತ್ತದೆ. ಅದು ಯಾರಿಗೂ ಉಪಯೋಗವಿಲ್ಲ. "ತೂಕದ ಚೀಟಿ ಸಾಗಣೆ" ಎಂದೋ "ಪಾವತಿ ಪಟ್ಟಿ" ಎಂದೋ ಕೊಡಿ. ಯಾವ ಕೆಲಸ ನಿಂತಿದೆ ಎಂಬುದು ಸಂದೇಶ ಓದುವ ಮೊದಲೇ ತಿಳಿಯುತ್ತದೆ. ಸಂದೇಶದಲ್ಲಿ ಸಾಲು ಮುರಿಯಬೇಕಾದ ಕಡೆ ಬ್ಯಾಕ್‌ಟಿಕ್ ಚಿಹ್ನೆ ಹಾಕಿ ಅದಕ್ಕೆ ಅಂಟಿದಂತೆ ಚಿಕ್ಕ ಎನ್ ಅಕ್ಷರ ಬರೆಯಬೇಕು. ಬ್ಯಾಕ್‌ಟಿಕ್ ಕೀಲಿ ಸಾಮಾನ್ಯವಾಗಿ ಕೀಲಿಮಣೆಯ ಎಡ ಮೂಲೆಯಲ್ಲಿ, 1ರ ಪಕ್ಕದಲ್ಲಿ ಇರುತ್ತದೆ.

ಕೂಡಿಸುವ ಸಂಖ್ಯೆಗಳು

ಪೆಟ್ಟಿಗೆಯ ರೂಪವೆಲ್ಲ ಒಂದು ಸಂಖ್ಯೆಯಲ್ಲಿ ಅಡಗಿದೆ. ಈ ಸಂಖ್ಯೆಗಳು ಆಟೋಹಾಟ್‌ಕೀಯ ಸ್ವಂತದವಲ್ಲ, ವಿಂಡೋಸ್‌ನವು. ಆದ್ದರಿಂದ ಇಂಥದ್ದೇ ಇನ್ನೊಂದು ತಂತ್ರಾಂಶವಾದ ಆಟೋಇಟ್‌ನಲ್ಲಿ ಬರೆಯುವವರಿಗೂ ಮೈಕ್ರೋಸಾಫ್ಟ್‌ನ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್‌ನ ಹಳೆಯ ಕಡತಗಳನ್ನು ಇಟ್ಟುಕೊಂಡವರಿಗೂ ಇವೇ ಮುಖ್ಯ ಸಂಖ್ಯೆಗಳು ನಡೆಯುತ್ತವೆ. ವಿಬಿಸ್ಕ್ರಿಪ್ಟ್ ಅನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ತಿಳಿಸಿದೆ; ಹೊಸ ಕೆಲಸವನ್ನು ಅದರಲ್ಲಿ ಆರಂಭಿಸಬೇಡಿ.

ಮೊದಲ ಗುಂಪು ಗುಂಡಿಗಳದು. 0 ಎಂದರೆ ಓಕೆ ಮಾತ್ರ. 1 ಎಂದರೆ ಓಕೆ ಮತ್ತು ಕ್ಯಾನ್ಸಲ್. 3 ಎಂದರೆ ಯೆಸ್, ನೋ, ಕ್ಯಾನ್ಸಲ್. 4 ಎಂದರೆ ಯೆಸ್ ಮತ್ತು ನೋ. 5 ಎಂದರೆ ರಿಟ್ರೈ ಮತ್ತು ಕ್ಯಾನ್ಸಲ್. ಪ್ರಿಂಟರ್ ಸಿಗದಿದ್ದಾಗ, ಪೆನ್‌ಡ್ರೈವ್ ಹಾಕದಿದ್ದಾಗ ಇದು ಸರಿಯಾದದ್ದು. 2 ಮತ್ತು 6 ಕೂಡ ಇವೆ, ಮೂರು ಮೂರು ಗುಂಡಿಗಳು. ಅವುಗಳ ಅರ್ಥ ಹೇಳಿಕೊಡುವುದೇ ಕಷ್ಟವಾದ್ದರಿಂದ ನಾನು ಬಳಸುವುದಿಲ್ಲ.

ಎರಡನೆಯ ಗುಂಪು ಚಿಹ್ನೆಗಳದು. 16 ಕೆಂಪು ಗುಣಾಕಾರದ ಗುರುತು, ಕೆಲಸ ನಿಂತೇಹೋಯಿತು ಎಂಬುದಕ್ಕೆ. 48 ಹಳದಿ ತ್ರಿಕೋನ, ಎಚ್ಚರಿಕೆಗೆ. 64 ನೀಲಿ ವೃತ್ತದೊಳಗಿನ ಮಾಹಿತಿ ಗುರುತು. 32 ಪ್ರಶ್ನೆಯ ಗುರುತು. ಅದು ಸಂದೇಶ ಯಾವ ಬಗೆಯದೆಂದು ಸ್ಪಷ್ಟವಾಗಿ ಹೇಳುವುದಿಲ್ಲವಾದ್ದರಿಂದ ಬಳಸದಿರುವುದೇ ಲೇಸೆಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ನನ್ನ ಅನುಭವವೂ ಅದೇ. ಅಳಿಸಿಹೋಗುವ ಅಪಾಯವಿದ್ದರೆ ಪ್ರಶ್ನೆಯಾದರೂ ಅದು ಎಚ್ಚರಿಕೆಯೇ, ಹಾಗಾಗಿ 48. ಚಿಹ್ನೆಯ ಜೊತೆಗೆ ವಿಂಡೋಸ್‌ನಲ್ಲಿ ಅದಕ್ಕೆ ಗೊತ್ತುಮಾಡಿದ ಸದ್ದೂ ಬರುತ್ತದೆ. ಅಂಗಳದಲ್ಲಿ ಗಾಡಿಗಳ ಗದ್ದಲವಿರುವಾಗ ಆ ಸದ್ದನ್ನು ನಂಬಿಕೊಳ್ಳಬೇಡಿ.

ಮೂರನೆಯ ಗುಂಪನ್ನು ಹೆಚ್ಚಿನವರು ಮರೆಯುತ್ತಾರೆ, ನಾನೂ ಮರೆತಿದ್ದೆ. ಎಂಟರ್ ಒತ್ತಿದರೆ ಯಾವ ಗುಂಡಿ ಒತ್ತಿದಂತಾಗಬೇಕು ಎಂಬುದು ಅದು. ಏನೂ ಹೇಳದಿದ್ದರೆ ಮೊದಲ ಗುಂಡಿ, ಅಂದರೆ ಯೆಸ್. 256 ಕೂಡಿಸಿದರೆ ಎರಡನೆಯ ಗುಂಡಿ, 512 ಕೂಡಿಸಿದರೆ ಮೂರನೆಯದು. ಆ ಜನವರಿಯ ಸಂಜೆ ನನ್ನ ಸಾಲಿನಲ್ಲಿ 4ರ ಬದಲು 260 ಇದ್ದಿದ್ದರೆ 43 ಚೀಟಿಗಳೂ ಉಳಿಯುತ್ತಿದ್ದವು. ಯಾವುದನ್ನಾದರೂ ಅಳಿಸುವ, ಮೇಲೆ ಬರೆಯುವ, ಹಣ ಕಳುಹಿಸುವ ಪ್ರಶ್ನೆಯಲ್ಲಿ 256 ಇಲ್ಲದ ಪೆಟ್ಟಿಗೆಯನ್ನು ದಯವಿಟ್ಟು ಇಡಬೇಡಿ.

ನಾಲ್ಕನೆಯದು ಪೆಟ್ಟಿಗೆ ಎಲ್ಲಿ ನಿಲ್ಲುತ್ತದೆ ಎಂಬುದು. ಬಿಲ್ಲಿನ ತಂತ್ರಾಂಶ ಪರದೆ ತುಂಬ ಹರಡಿಕೊಂಡಿದ್ದಾಗ ಪೆಟ್ಟಿಗೆ ಅದರ ಹಿಂದೆ ಅವಿತುಬಿಡಬಹುದು. ಸ್ಕ್ರಿಪ್ಟ್ ಉತ್ತರಕ್ಕಾಗಿ ಕಾಯುತ್ತಿರುತ್ತದೆ, ಮುಂದೆ ಕುಳಿತವರು ಯಂತ್ರ ಸಿಕ್ಕಿಹಾಕಿಕೊಂಡಿದೆ ಎಂದುಕೊಳ್ಳುತ್ತಾರೆ. 262144 ಕೂಡಿಸಿದರೆ ಪೆಟ್ಟಿಗೆ ಎಲ್ಲದರ ಮೇಲೆ ನಿಲ್ಲುತ್ತದೆ.

ಈಗ ಕೂಡಿಸಿ ನೋಡೋಣ. ಯೆಸ್ ಮತ್ತು ನೋ ಬೇಕು, 4. ಎಚ್ಚರಿಕೆಯ ಚಿಹ್ನೆ, 48. ಎಂಟರ್‌ಗೆ ನೋ, 256. ಎಲ್ಲದರ ಮೇಲೆ, 262144. ಒಟ್ಟು 262452.

ಎಂಎಸ್‌ಜಿಬಾಕ್ಸ್("ಹಳೆಯ ಚೀಟಿಗಳ ಮೇಲೆ ಬರೆಯಲೇ?", "ತೂಕದ ಚೀಟಿ ಸಾಗಣೆ", 262452)

ಆರು ತಿಂಗಳ ಬಳಿಕ ಈ ಸಂಖ್ಯೆಯನ್ನು ನೋಡಿದರೆ ಬರೆದವರಿಗೇ ಅರ್ಥವಾಗುವುದಿಲ್ಲ. ಅದಕ್ಕಾಗಿ ಒಟ್ಟು ಮಾಡದೆ, 4 + 48 + 256 + 262144 ಎಂದೇ ಬರೆಯಿರಿ. ಕೂಡುವ ಕೆಲಸ ಸ್ಕ್ರಿಪ್ಟ್‌ಗೆ ಇರಲಿ. ಎರಡನೆಯ ಆವೃತ್ತಿಯಲ್ಲಿ ಪದಗಳಲ್ಲೂ ಹೇಳಬಹುದು: ಉದ್ಧರಣ ಚಿಹ್ನೆಗಳ ನಡುವೆ ಯೆಸ್‌ನೋ, ಐಕಾನ್!, ಡಿಫಾಲ್ಟ್2, 262144 ಎಂಬುವನ್ನು ಅಲ್ಪವಿರಾಮವಿಲ್ಲದೆ, ಒಂದೊಂದು ಜಾಗ ಬಿಟ್ಟು ಬರೆದರೆ ಸಾಕು.

ತಾನೇ ಮುಚ್ಚಿಕೊಳ್ಳುವ ಪೆಟ್ಟಿಗೆ

"43 ಚೀಟಿಗಳು ಸೇರಿದವು" ಎಂಬಂಥ ಸುದ್ದಿಗೆ ಯಾರೂ ಬಂದು ಓಕೆ ಒತ್ತಬೇಕಾಗಿಲ್ಲ. ಆಯ್ಕೆಯಲ್ಲಿ "64 ಟಿ5" ಎಂದು ಬರೆದರೆ ಐದು ಸೆಕೆಂಡು ನಿಂತು ಪೆಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೀಗೆ ಸಮಯ ಮುಗಿದು ಮುಚ್ಚಿದಾಗ ಉತ್ತರವಾಗಿ ಟೈಮ್‌ಔಟ್ ಎಂಬ ಪದ ಬರುತ್ತದೆ.

ಇಲ್ಲಿ ಒಂದು ಹಳ್ಳವಿದೆ. ಪ್ರಶ್ನೆಯ ಪೆಟ್ಟಿಗೆಗೂ ಸಮಯ ಕೊಟ್ಟು, ಸ್ಕ್ರಿಪ್ಟ್‌ನಲ್ಲಿ "ಉತ್ತರ ನೋ ಆಗಿರದಿದ್ದರೆ ಮುಂದುವರಿ" ಎಂದು ಬರೆದಿದ್ದರೆ, ಯಾರೂ ಕೋಣೆಯಲ್ಲಿ ಇಲ್ಲದಿದ್ದಾಗಲೂ ಸ್ಕ್ರಿಪ್ಟ್ ಮುಂದುವರಿಯುತ್ತದೆ, ಏಕೆಂದರೆ ಟೈಮ್‌ಔಟ್ ಎನ್ನುವುದು ನೋ ಅಲ್ಲ. ಯಾವಾಗಲೂ "ಉತ್ತರ ಯೆಸ್ ಆಗಿದ್ದರೆ ಮಾತ್ರ ಮುಂದುವರಿ" ಎಂದೇ ಬರೆಯಬೇಕು. ಆಟೋಇಟ್ ಬಳಸುವವರಿಗೆ ಉತ್ತರಗಳು ಸಂಖ್ಯೆಯಾಗಿ ಬರುತ್ತವೆ: ಯೆಸ್‌ಗೆ 6, ನೋಗೆ 7, ಸಮಯ ಮುಗಿದರೆ ಋಣ 1. ಅಲ್ಲಿಯೂ 6 ಆಗಿದೆಯೇ ಎಂದು ನೋಡಿ.

ಇನ್ನೂ ಹಗುರವಾದ ಸುದ್ದಿಗೆ ಪೆಟ್ಟಿಗೆಯೇ ಬೇಡ. ಟೂಲ್‌ಟಿಪ್ ಆದೇಶ ಮೌಸ್ ಬಾಣದ ಬಳಿ ಒಂದು ಚಿಕ್ಕ ಚೀಟಿಯಂತೆ ಸಂದೇಶ ತೋರಿಸುತ್ತದೆ. ಟ್ರೇಟಿಪ್ ವಿಂಡೋಸ್‌ನ ಸೂಚನೆಯಾಗಿ ಪರದೆಯ ಮೂಲೆಯಲ್ಲಿ ಬರುತ್ತದೆ. ಎರಡೂ ಸ್ಕ್ರಿಪ್ಟ್ ಅನ್ನು ನಿಲ್ಲಿಸುವುದಿಲ್ಲ. ವಿಂಡೋಸ್‌ನಲ್ಲಿ ಸೂಚನೆಗಳನ್ನು ಯಾರಾದರೂ ಆರಿಸಿಟ್ಟಿದ್ದರೆ ಟ್ರೇಟಿಪ್ ಕಾಣುವುದಿಲ್ಲವಾದ್ದರಿಂದ ಮುಖ್ಯ ವಿಷಯವನ್ನು ಅದರಲ್ಲಿ ಹೇಳಬೇಡಿ.

ಕನ್ನಡದಲ್ಲಿ ಮಾತನಾಡಿಸುವುದು

ನಮ್ಮ ಗೋದಾಮಿನಲ್ಲಿ ನಿಜವಾದ ಬದಲಾವಣೆ ಬಂದದ್ದು ಇಲ್ಲಿಂದ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಸಲ ನಾನು ಸಂದೇಶವನ್ನು ಕನ್ನಡದಲ್ಲಿ ಬರೆದಾಗ ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು ಬಂದಿತು. ಇದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಒಂದನ್ನು ಸರಿಪಡಿಸಿದರೆ ಇನ್ನೊಂದು ಸರಿಯಾಗುವುದಿಲ್ಲ.

ಒಂದು, ಕಡತವನ್ನು ಉಳಿಸಿದ ಬಗೆ. ಆಟೋಹಾಟ್‌ಕೀಯ ಹಳೆಯ ಆವೃತ್ತಿ, ಕಡತದ ತಲೆಯಲ್ಲಿ ಗುರುತು ಇಲ್ಲದಿದ್ದರೆ, ಅದನ್ನು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಎಂದು ಓದುವುದಿಲ್ಲ. ಹೊಸ ಆವೃತ್ತಿ ಗುರುತಿಲ್ಲದಿದ್ದರೂ ಯುಟಿಎಫ್-8, ಅಂದರೆ ಯೂನಿಕೋಡ್‌ನ ಒಂದು ರೂಪ, ಎಂದೇ ಓದುತ್ತದೆ. ಎರಡಕ್ಕೂ ಹೊಂದುವ ಉಪಾಯವೆಂದರೆ ನೋಟ್‌ಪ್ಯಾಡ್‌ನಲ್ಲಿ ಸೇವ್ ಆ್ಯಸ್ ಒತ್ತಿ, ಕೆಳಗಿನ ಎನ್‌ಕೋಡಿಂಗ್ ಪಟ್ಟಿಯಲ್ಲಿ ಯುಟಿಎಫ್-8 ವಿತ್ ಬಿಒಎಂ ಆರಿಸುವುದು. ಬಿಒಎಂ ಎಂದರೆ ಆ ತಲೆಯ ಗುರುತೇ. ವಿಬಿಸ್ಕ್ರಿಪ್ಟ್‌ಗೆ ಇದು ಸಾಲದು. ಅದಕ್ಕೆ ಯುಟಿಎಫ್-16 ಎಲ್ಇ ಎಂದೇ ಉಳಿಸಬೇಕು.

ಎರಡು, ಟೈಪ್ ಮಾಡಿದ ಬಗೆ. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಪಠ್ಯ ನಮ್ಮ ಕಚೇರಿಗಳಲ್ಲಿ ಇಂದಿಗೂ ರಾಶಿಗಟ್ಟಲೆ ಇದೆ. ಅದು ಕನ್ನಡವಾಗಿ ಕಾಣುವುದು ಆ ಫಾಂಟ್ ಹಾಕಿದಾಗ ಮಾತ್ರ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳೇ. ಸಂದೇಶ ಪೆಟ್ಟಿಗೆಯ ಫಾಂಟ್ ಅನ್ನು ಬದಲಿಸಲು ಆಗುವುದಿಲ್ಲವಾದ್ದರಿಂದ ಆ ಪಠ್ಯ ಅಲ್ಲಿ ಎಂದೂ ಕನ್ನಡವಾಗಿ ಕಾಣದು. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕೈಗೆ ಕೂತವರು ನುಡಿಯಲ್ಲೇ ಯೂನಿಕೋಡ್ ಆಯ್ಕೆಮಾಡಿಕೊಂಡು ಬರೆಯಬಹುದು. ವಿಂಡೋಸ್ 10ರ 2019ರ ಮೇ ಪರಿಷ್ಕರಣೆಯಿಂದ ಕನ್ನಡ ಫೋನೆಟಿಕ್ ಕೀಲಿಮಣೆ ವಿಂಡೋಸ್‌ನೊಳಗೇ ಇದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಒತ್ತಿದರೆ ಕನ್ನಡ ಮೂಡುತ್ತದೆ.

ಇಷ್ಟಾದ ಮೇಲೆ ಪೆಟ್ಟಿಗೆ ಕನ್ನಡದಲ್ಲಿ ಬಂದಿತು. ಹಿರಿಯರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪರದೆಯ ಹತ್ತಿರ ಬಾಗಿ, "ಅಕ್ಷರ ತುಂಬ ಸಣ್ಣದಾಯಿತಮ್ಮಾ, ಒತ್ತು ಯಾವುದೋ ದೀರ್ಘ ಯಾವುದೋ ಗೊತ್ತಾಗುತ್ತಿಲ್ಲ" ಎಂದರು. ಅವರು ಹೇಳಿದ್ದು ಸರಿ. ಇಂಗ್ಲಿಷಿಗೆ ಸಾಕಾಗುವ 9 ಪಾಯಿಂಟ್ ಅಳತೆಯಲ್ಲಿ ಕನ್ನಡದ ಒತ್ತಕ್ಷರಗಳು ಚುಕ್ಕೆಗಳಂತೆ ಆಗಿಬಿಡುತ್ತವೆ. "ಅಕ್ಕಿ", "ಅಗ್ಗ" ಎಂಬಂಥ ಪದಗಳನ್ನು ಆ ಅಳತೆಯಲ್ಲಿ ಬರೆದು ಒಂದು ಮಾರು ದೂರದಿಂದ ಓದಿ ನೋಡಿ, ತಿಳಿಯುತ್ತದೆ.

ಗುಂಡಿಗಳ ಹೆಸರು ಇನ್ನೂ ಇಂಗ್ಲಿಷಿನಲ್ಲೇ ಇದ್ದವು. ಪೆಟ್ಟಿಗೆಯ ಗುಂಡಿಗಳು ವಿಂಡೋಸ್‌ನ ಪ್ರದರ್ಶನ ಭಾಷೆಯನ್ನು ಅನುಸರಿಸುತ್ತವೆ. ವಿಂಡೋಸ್‌ಗೆ ಕನ್ನಡದ ಭಾಷಾ ಪ್ಯಾಕ್ ಹಾಕಿದರೆ ಗುಂಡಿಗಳೂ ಕನ್ನಡವಾಗುತ್ತವೆ. ಆದರೆ ಹಾಗೆ ಮಾಡಿದರೆ ಇಡೀ ಯಂತ್ರದ ಮೆನುಗಳು ಬದಲಾಗುತ್ತವೆ. ಒಂದು ಕಂಪ್ಯೂಟರನ್ನು ನಾಲ್ವರು ಬಳಸುವ ನಮ್ಮಂಥ ಕಡೆ ಅದು ಒಪ್ಪಿಗೆಯಾಗಲಿಲ್ಲ.

ಗುಂಡಿಯ ಹೆಸರು ಮಾತ್ರ ಬದಲಿಸುವ ಉಪಾಯ

ಪೆಟ್ಟಿಗೆ ತೆರೆದಿರುವಾಗ ಸ್ಕ್ರಿಪ್ಟ್‌ನ ಆ ಎಳೆ ನಿಂತಿರುತ್ತದೆ, ಆದರೆ ಟೈಮರ್ ನಿಲ್ಲುವುದಿಲ್ಲ. ಈ ಗುಣವನ್ನು ಬಳಸಿಕೊಳ್ಳಬಹುದು. ಪೆಟ್ಟಿಗೆ ತೋರಿಸುವ ಸಾಲಿಗಿಂತ ಮೊದಲು ಸೆಟ್‌ಟೈಮರ್ ಆದೇಶದಿಂದ 50 ಮಿಲಿಸೆಕೆಂಡಿಗೊಮ್ಮೆ ಓಡುವ ಒಂದು ಚಿಕ್ಕ ಫಂಕ್ಷನ್ (ಹೆಸರಿಟ್ಟ ಆದೇಶಗಳ ಗುಂಪು) ಹಚ್ಚಿಡಿ. ಅದು ಮಾಡಬೇಕಾದದ್ದು ಇಷ್ಟು: ನಿಮ್ಮ ಶೀರ್ಷಿಕೆಯ ಪೆಟ್ಟಿಗೆ ಬಂದಿದೆಯೇ ನೋಡುವುದು, ಬಂದಿರದಿದ್ದರೆ ಹಿಂದಿರುಗುವುದು. ಬಂದಿದ್ದರೆ ಟೈಮರ್ ನಿಲ್ಲಿಸಿ, ಕಂಟ್ರೋಲ್‌ಸೆಟ್‌ಟೆಕ್ಸ್ಟ್ ಆದೇಶದಿಂದ ಬಟನ್1ಕ್ಕೆ "ಬರೆ" ಎಂದೂ ಬಟನ್2ಕ್ಕೆ "ಬೇಡ" ಎಂದೂ ಹೆಸರಿಡುವುದು. ಶೀರ್ಷಿಕೆ ಬೇರೆ ಯಾವ ಕಿಟಕಿಗೂ ಇರದಂಥದ್ದಾಗಿರಲಿ. ಇನ್ನೂ ಖಚಿತ ಬೇಕಿದ್ದರೆ ಕಿಟಕಿಯ ವರ್ಗವನ್ನೂ ಹೇಳಿ. ಸಂದೇಶ ಪೆಟ್ಟಿಗೆಗಳ ವರ್ಗ #32770.

ಹೆಸರು ಬದಲಾದರೂ ಉತ್ತರ ಬದಲಾಗುವುದಿಲ್ಲ. "ಬರೆ" ಒತ್ತಿದರೆ ಸ್ಕ್ರಿಪ್ಟ್‌ಗೆ ಬರುವುದು ಯೆಸ್ ಎಂದೇ. ಗುಂಡಿಯ ಅಗಲವೂ ಬದಲಾಗುವುದಿಲ್ಲ, ಹಾಗಾಗಿ "ಹಳೆಯದು ಇರಲಿ" ಎಂಬಷ್ಟು ಉದ್ದದ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಒಂದು ಚಿಕ್ಕ ಪದ ಸಾಕಾಗುವ ಕಡೆ ಈ ಉಪಾಯ ಚೆನ್ನ. ಅಕ್ಷರದ ಅಳತೆ, ಬಣ್ಣ, ಗುಂಡಿಯ ಅಗಲ ಎಲ್ಲವೂ ಬೇಕೆಂದರೆ ಪೆಟ್ಟಿಗೆಯನ್ನು ಬಿಟ್ಟು ನಮ್ಮದೇ ಕಿಟಕಿ ಕಟ್ಟಬೇಕು.

ನಮ್ಮದೇ ಕಿಟಕಿ

ಆಟೋಹಾಟ್‌ಕೀಯಲ್ಲಿ ಇದಕ್ಕೆ ಜಿಯುಐ ಎಂಬ ವಸ್ತು ಇದೆ. ಹತ್ತು ಹದಿನೈದು ಸಾಲುಗಳಲ್ಲಿ ಕೆಲಸ ಮುಗಿಯುತ್ತದೆ, ಆದರೆ ಕ್ರಮ ತಪ್ಪಬಾರದು.

ಮೊದಲು ಕಿಟಕಿಯನ್ನು ಹುಟ್ಟಿಸಿ. ಆಯ್ಕೆಯಾಗಿ +ಆಲ್ವೇಸ್‌ಆನ್‌ಟಾಪ್ ಮತ್ತು -ಮಿನಿಮೈಸ್‌ಬಾಕ್ಸ್ ಕೊಡಿ. ಎರಡನೆಯದನ್ನು ನಾನು ಬೇಕೆಂದೇ ಹಾಕುತ್ತೇನೆ. ಪ್ರಶ್ನೆಯನ್ನು ಕೆಳಗಿಳಿಸಿಟ್ಟು ಮರೆಯುವ ದಾರಿ ಇರಬಾರದು.

ಆಮೇಲೆ ಸೆಟ್‌ಫಾಂಟ್. ಅಳತೆ ಎಸ್15, ಫಾಂಟ್ ನಿರ್ಮಲಾ ಯುಐ. ಇದು ವಿಂಡೋಸ್ 8ರಿಂದ ಈಚೆಗೆ ಜೊತೆಗೇ ಬರುತ್ತಿದೆ. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ತುಂಗಾ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟುವ ನದಿಯ ಹೆಸರಿನ ಆ ಫಾಂಟ್ ಎಕ್ಸ್‌ಪಿಯ ಕಾಲದಿಂದ ಇತ್ತು, ವಿಂಡೋಸ್ 10ರಿಂದ ಮಾತ್ರ ಅದನ್ನು ಬೇಕಾದವರು ಹಾಕಿಸಿಕೊಳ್ಳಬೇಕು. ಸೆಟ್‌ಫಾಂಟ್ ಅನ್ವಯವಾಗುವುದು ಅದರ ನಂತರ ಸೇರಿಸಿದವುಗಳಿಗೆ ಮಾತ್ರ. ಪಠ್ಯ ಸೇರಿಸಿದ ಮೇಲೆ ಫಾಂಟ್ ಹೇಳಿ, ಅಳತೆ ಏಕೆ ಬದಲಾಗುತ್ತಿಲ್ಲವೆಂದು ನಾನು ಅರ್ಧ ದಿನ ಹುಡುಕಿದ್ದೇನೆ.

ಮೂರನೆಯದಾಗಿ ಪಠ್ಯ. ಆ್ಯಡ್ ಆದೇಶದಲ್ಲಿ ಟೆಕ್ಸ್ಟ್ ಎಂದು ಹೇಳಿ ಅಗಲವನ್ನು ಮಾತ್ರ ಕೊಡಿ, ಡಬ್ಲ್ಯು460 ಎಂಬಂತೆ. ಎತ್ತರ ಕೊಡಬೇಡಿ. ಅಗಲ ಮಾತ್ರ ಇದ್ದರೆ ಸಾಲುಗಳು ತಾವಾಗಿ ಮುರಿದು, ಬೇಕಾದಷ್ಟು ಎತ್ತರ ತಾನಾಗಿ ಸಿಗುತ್ತದೆ. ಎತ್ತರವನ್ನೂ ಕೊಟ್ಟರೆ ಸಂದೇಶ ಉದ್ದವಾದ ದಿನ ಕೊನೆಯ ಸಾಲು ಕಾಣದೆ ಹೋಗುತ್ತದೆ, ಮುಖ್ಯ ವಿಷಯ ಬಹಳ ಸಲ ಅಲ್ಲಿಯೇ ಇರುತ್ತದೆ.

ಪಠ್ಯದಲ್ಲಿ & ಚಿಹ್ನೆಯ ಬಗ್ಗೆ ಎಚ್ಚರ. ಈ ಬಗೆಯ ಕಿಟಕಿಯಲ್ಲಿ ಅದು ಕಾಣದೆ ಹೋಗಿ ಮುಂದಿನ ಅಕ್ಷರದ ಕೆಳಗೆ ಗೆರೆ ಬೀಳುತ್ತದೆ. ನಮ್ಮ ಕಡೆ ಹೆಸರಿನಲ್ಲಿ "& ಸನ್ಸ್" ಇರುವ ಅಂಗಡಿ, ತೋಟಗಳಿಗೆ ಕೊರತೆಯಿಲ್ಲ. ಹೆಸರನ್ನು ಹಾಳೆಯಿಂದ ಎತ್ತಿ ತೋರಿಸುವ ಮೊದಲು ಒಂದು & ಇರುವ ಕಡೆ ಎರಡು && ಆಗುವಂತೆ ಎಸ್‌ಟಿಆರ್‌ರಿಪ್ಲೇಸ್‌ನಿಂದ ಬದಲಿಸಿಕೊಳ್ಳಿ. ತನ್ನ ಹೆಸರು ತಪ್ಪಾಗಿ ಕಾಣುವುದನ್ನು ಬೆಳೆಗಾರ ಪರದೆಯ ಮೇಲೆ ನೋಡಿದರೆ ತೂಕದ ಮೇಲಿನ ನಂಬಿಕೆಯೂ ಸ್ವಲ್ಪ ಅಲ್ಲಾಡುತ್ತದೆ.

ಇದೇ & ಚಿಹ್ನೆ ಗುಂಡಿಗಳಲ್ಲಿ ಉಪಯೋಗಕ್ಕೆ ಬರುತ್ತದೆ. "&1 ಹಳೆಯದು ಇರಲಿ", "&2 ಹೊಸದು ಬರೆ" ಎಂದು ಹೆಸರಿಟ್ಟರೆ ಆಲ್ಟ್ ಜೊತೆಗೆ 1 ಅಥವಾ 2 ಒತ್ತಿ ಆರಿಸಬಹುದು. ಕನ್ನಡ ಅಕ್ಷರದ ಮುಂದೆ & ಹಾಕಿದರೆ ಕೀಲಿಮಣೆ ಆಗ ಯಾವ ಭಾಷೆಯಲ್ಲಿದೆ ಎಂಬ ತೊಡಕು ಬರುತ್ತದೆ; ಅಂಕಿಗಳಿಗೆ ಆ ತೊಡಕಿಲ್ಲ.

ಅಪಾಯವಿಲ್ಲದ ಗುಂಡಿಗೆ ಡಿಫಾಲ್ಟ್ ಎಂಬ ಆಯ್ಕೆ ಕೊಡಿ. ಎಂಟರ್ ಅದಕ್ಕೆ ಹೋಗುತ್ತದೆ. ಎರಡೂ ಗುಂಡಿಗಳಿಗೆ ಸಾಕಷ್ಟು ಅಗಲ, ಡಬ್ಲ್ಯು200ರಷ್ಟು ಇರಲಿ.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ಕಿಟಕಿಯ ಬ್ಯಾಕ್‌ಕಲರ್ ಗುಣಕ್ಕೆ ಬಣ್ಣ ಕೊಡಬಹುದು, ಪಠ್ಯಕ್ಕೆ ಸೆಟ್‌ಫಾಂಟ್‌ನಲ್ಲಿ ಸಿ ಅಕ್ಷರದ ಮುಂದೆ ಬಣ್ಣದ ಸಂಕೇತ ಬರೆಯಬಹುದು. 800000 ಎಂದರೆ ಕಡುಗೆಂಪು, 008000 ಎಂದರೆ ಹಸಿರು. ಗುಂಡಿಯ ಅಕ್ಷರದ ಬಣ್ಣ ಮಾತ್ರ ಹೀಗೆ ಬದಲಾಗುವುದಿಲ್ಲ. ನಾನು ಬಿಳಿಯ ಮೇಲೆ ಕಪ್ಪು ಅಕ್ಷರ ಇಟ್ಟು, ಅಳಿಸುವ ಪ್ರಶ್ನೆಯಲ್ಲಿ ಒಂದೇ ಒಂದು ಸಾಲನ್ನು ಕಡುಗೆಂಪು ಮಾಡುತ್ತೇನೆ. ತೂಕದ ಕೋಣೆಯ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಪರದೆಗೆ ಬೀಳುತ್ತದೆ. ತಿಳಿಬಣ್ಣಗಳೆಲ್ಲ ಅಲ್ಲಿ ಅಳಿಸಿದಂತೆ ಕಾಣುತ್ತವೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದ ಕಣ್ಣುಗಳೂ ಇವೆಯಾದ್ದರಿಂದ ಬಣ್ಣ ಹೇಳುವುದನ್ನು ಪದವೂ ಹೇಳಬೇಕು.

ಕೊನೆಗೆ ಕಾಯುವುದು. ಸಂದೇಶ ಪೆಟ್ಟಿಗೆ ತಾನಾಗಿ ಸ್ಕ್ರಿಪ್ಟ್ ಅನ್ನು ನಿಲ್ಲಿಸುತ್ತದೆ, ನಮ್ಮ ಕಿಟಕಿ ನಿಲ್ಲಿಸುವುದಿಲ್ಲ. ಶೋ ಆದೇಶ ಮುಗಿದ ಕೂಡಲೇ ಮುಂದಿನ ಸಾಲು ಓಡುತ್ತದೆ, ಯಾರೂ ಉತ್ತರಿಸುವ ಮೊದಲೇ. ಹಾಗಾಗಿ ಶೋ ಆದ ಮೇಲೆ ವಿನ್‌ವೇಟ್‌ಕ್ಲೋಸ್ ಬರೆದು ಕಿಟಕಿ ಮುಚ್ಚುವವರೆಗೆ ಕಾಯಿಸಬೇಕು. ಪ್ರತಿ ಗುಂಡಿಗೆ ಆನ್‌ಇವೆಂಟ್‌ನಲ್ಲಿ ಕ್ಲಿಕ್‌ಗೆ ಒಂದು ಫಂಕ್ಷನ್ ಜೋಡಿಸಿ, ಅದರಲ್ಲಿ ಉತ್ತರವನ್ನು ಬರೆದಿಟ್ಟುಕೊಂಡು ಡೆಸ್ಟ್ರಾಯ್ ಮಾಡಿ. ಮೂಲೆಯ ಮುಚ್ಚುವ ಗುರುತಿಗೆ ಕ್ಲೋಸ್ ಘಟನೆ, ಎಸ್ಕೇಪ್ ಕೀಲಿಗೆ ಎಸ್ಕೇಪ್ ಘಟನೆ. ಎರಡಕ್ಕೂ ಫಂಕ್ಷನ್ ಜೋಡಿಸಿ, ಎರಡಕ್ಕೂ "ಬೇಡ" ಎಂಬ ಉತ್ತರವನ್ನೇ ಕೊಟ್ಟು ಡೆಸ್ಟ್ರಾಯ್ ಮಾಡಿ. ಇದನ್ನು ಬಿಟ್ಟರೆ ಕಿಟಕಿ ಕಣ್ಣಿಗೆ ಮರೆಯಾಗಿ ಒಳಗೆ ಉಳಿದು, ಸ್ಕ್ರಿಪ್ಟ್ ಕಾಯುತ್ತಲೇ ಇರುತ್ತದೆ.

ಕೈಯ ವೇಗವನ್ನು ತಡೆಯುವುದು

ಆ ಸಂಜೆಯ ಮೂಲ ಕಾರಣಕ್ಕೆ ಈಗ ಬರುತ್ತೇನೆ. ಬೇರೆ ಕಡೆ ಟೈಪ್ ಮಾಡುತ್ತಿದ್ದವರ ಕೈಕೆಳಗೆ ಪೆಟ್ಟಿಗೆ ಬಂದು ಕೂತದ್ದು ಅದು. ವೇಗವಾಗಿ ತುಂಬಿಸುವವರ ಬೆರಳು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ನಮ್ಮದೇ ಕಿಟಕಿಯಾದರೆ ಇದಕ್ಕೆ ಉಪಾಯ ಇದೆ. ಗುಂಡಿಗಳನ್ನು ಸೇರಿಸುವಾಗಲೇ ಡಿಸೇಬಲ್ಡ್ ಎಂಬ ಆಯ್ಕೆ ಕೊಡಿ. ಕಿಟಕಿ ತೋರಿಸುವ ಹೊತ್ತಿಗೆ ಸೆಟ್‌ಟೈಮರ್‌ಗೆ -1500 ಕೊಟ್ಟು ಒಂದು ಫಂಕ್ಷನ್ ಹಚ್ಚಿ. ಋಣ ಚಿಹ್ನೆ ಇದ್ದರೆ ಅದು ಒಂದೇ ಸಲ ಓಡುತ್ತದೆ. ಒಂದೂವರೆ ಸೆಕೆಂಡಿನ ನಂತರ ಆ ಫಂಕ್ಷನ್ ಗುಂಡಿಗಳನ್ನು ಎಚ್ಚರಿಸಿ, "ಹಳೆಯದು ಇರಲಿ" ಗುಂಡಿಗೆ ಫೋಕಸ್ ಕೊಡಬೇಕು. ಅಷ್ಟರೊಳಗೆ ಬಿದ್ದ ಎಂಟರ್‌ಗಳೆಲ್ಲ ವ್ಯರ್ಥವಾಗುತ್ತವೆ, ಕಣ್ಣು ಪರದೆಗೆ ಬರುತ್ತದೆ. ನಾನು ಮೊದಲು ಮೂರು ಸೆಕೆಂಡು ಇಟ್ಟಿದ್ದೆ. ಗಾಡಿಗಳು ಕಾಯುತ್ತಿರುವಾಗ ಅದು ಬಹಳ ದೀರ್ಘವೆನಿಸುತ್ತದೆ ಎಂದು ತೂಕದ ಕೋಣೆಯವರು ಹೇಳಿದರು, ಕಡಿಮೆ ಮಾಡಿದೆ.

ತುರ್ತಲ್ಲದ ಪ್ರಶ್ನೆಯಾದರೆ ಶೋ ಆದೇಶದಲ್ಲಿ ನೋಆಕ್ಟಿವೇಟ್ ಎಂದು ಕೊಡಿ. ಕಿಟಕಿ ಕಾಣಿಸಿಕೊಳ್ಳುತ್ತದೆ, ಆದರೆ ಟೈಪ್ ಮಾಡುತ್ತಿರುವವರ ಕೈಯಿಂದ ಕೀಲಿಮಣೆಯನ್ನು ಕಸಿದುಕೊಳ್ಳುವುದಿಲ್ಲ.

ಪೆಟ್ಟಿಗೆಯ ಮಾತು

ರೂಪ ಎಷ್ಟು ಚೆನ್ನಾಗಿದ್ದರೂ "ಮುಂದುವರಿಸಲೇ?" ಎಂಬ ಪ್ರಶ್ನೆಗೆ ಯಾರೂ ಯೋಚಿಸಿ ಉತ್ತರಿಸಲಾರರು. ಈಗ ನಮ್ಮ ಕಿಟಕಿಯಲ್ಲಿ ಹೀಗೆ ಬರುತ್ತದೆ:

ಜನವರಿ 12ರ 43 ಚೀಟಿಗಳು ಈಗಾಗಲೇ ಇವೆ.
ಹೊಸದಾಗಿ ಬರುತ್ತಿರುವುದು 38 ಚೀಟಿ.
ಮೇಲೆ ಬರೆದರೆ ಹಳೆಯ 43 ಸಿಗುವುದಿಲ್ಲ.

43 ಮತ್ತು 38 ಎಂಬ ಎರಡು ಸಂಖ್ಯೆಗಳು ಹೊಂದದಿರುವುದೇ ಓದುವವರನ್ನು ನಿಲ್ಲಿಸುತ್ತದೆ. ಹಾಗಾಗಿ ಸಂದೇಶದಲ್ಲಿ ದಿನಾಂಕ, ಎಣಿಕೆ, ಚೀಲ, ಹಣ ಇವುಗಳಲ್ಲಿ ಯಾವುದಾದರೂ ಎರಡಾದರೂ ಇರಲಿ. ಗುಂಡಿಗಳಲ್ಲಿ ಹೌದು, ಇಲ್ಲ ಎಂದು ಬರೆಯುವುದಕ್ಕಿಂತ ಮಾಡುವ ಕೆಲಸವನ್ನೇ ಬರೆಯಿರಿ. ಗಡಿಬಿಡಿಯಲ್ಲಿ ಪ್ರಶ್ನೆ ಓದದೆ ಗುಂಡಿ ಮಾತ್ರ ಓದುವವರಿಗೂ ಏನಾಗುತ್ತದೆಂದು ಗೊತ್ತಾಗಬೇಕು. ತೇವಾಂಶ ಕಚೇರಿ ನಿಗದಿಮಾಡಿದ ಮಿತಿ ಮೀರಿದಾಗ ಬರುವ ಕಿಟಕಿಯಲ್ಲೂ "ದೋಷ" ಎಂಬ ಪದ ತೆಗೆದು, ಅಳೆದದ್ದೆಷ್ಟು, ಮಿತಿ ಎಷ್ಟು ಎಂದು ಮಾತ್ರ ಬರೆದೆ. ಎದುರಿಗೆ ಬೆಳೆಗಾರರು ನಿಂತಿರುತ್ತಾರೆ. ಅವರ ಒಂದು ವರ್ಷದ ದುಡಿಮೆಯನ್ನು ಪರದೆ ದೋಷವೆಂದು ಕರೆಯಬಾರದು.

ಇದೆಲ್ಲವನ್ನೂ ಪ್ರತಿ ಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಬೇಕಿಲ್ಲ. ಸಂದೇಶ, ಗುಂಡಿಗಳ ಹೆಸರು, ಡಿಫಾಲ್ಟ್ ಗುಂಡಿ ಇವು ಮೂರನ್ನು ತೆಗೆದುಕೊಂಡು ಉತ್ತರ ಹಿಂದಿರುಗಿಸುವ ಒಂದೇ ಫಂಕ್ಷನ್ ಮಾಡಿ ಬೇರೆ ಕಡತದಲ್ಲಿ ಇಟ್ಟಿದ್ದೇನೆ. ಉಳಿದ ಸ್ಕ್ರಿಪ್ಟ್‌ಗಳು #ಇನ್‌ಕ್ಲೂಡ್ ಮೂಲಕ ಅದನ್ನು ಕರೆದುಕೊಳ್ಳುತ್ತವೆ. ಅಕ್ಷರ ದೊಡ್ಡದಾಗಬೇಕೆಂದರೆ ಒಂದೇ ಕಡೆ 15ನ್ನು 17 ಮಾಡಿದರೆ ಸಾಕು.

ಹಳೆಯ ಪೆಟ್ಟಿಗೆಯಲ್ಲಿದ್ದ ಒಂದು ಒಳ್ಳೆಯ ಗುಣ ಮಾತ್ರ ನಮ್ಮ ಕಿಟಕಿಯಲ್ಲಿ ತಪ್ಪಿಹೋಗುತ್ತದೆ. ವಿಂಡೋಸ್‌ನ ಸಂದೇಶ ಪೆಟ್ಟಿಗೆ ತೆರೆದಿರುವಾಗ ಕಂಟ್ರೋಲ್ ಮತ್ತು ಸಿ ಒತ್ತಿದರೆ ಶೀರ್ಷಿಕೆ, ಸಂದೇಶ, ಗುಂಡಿಗಳ ಹೆಸರು ಎಲ್ಲವೂ ನಕಲಾಗುತ್ತವೆ. ಹಾಗೇ ವಾಟ್ಸ್ಆ್ಯಪ್‌ಗೆ ಅಂಟಿಸಿ ಕಳುಹಿಸಬಹುದು. ನಾವು ಕಟ್ಟಿದ ಕಿಟಕಿಯಲ್ಲಿ ಅದು ನಡೆಯುವುದಿಲ್ಲ. ಅದಕ್ಕಾಗಿ ಮೂರನೆಯ ಗುಂಡಿಯೊಂದನ್ನು, "&3 ನಕಲು" ಎಂದು ಸೇರಿಸಿ, ಒತ್ತಿದಾಗ ಸಂದೇಶವನ್ನು ಎ_ಕ್ಲಿಪ್‌ಬೋರ್ಡ್ ಎಂಬ ಚರಾಂಶಕ್ಕೆ ಹಾಕುವಂತೆ ಮಾಡಿದ್ದೇನೆ; ಕಿಟಕಿ ಮುಚ್ಚುವುದಿಲ್ಲ. ನಾನು ರಜೆಯಲ್ಲಿದ್ದ ದಿನ ಹಿರಿಯರು ಅದನ್ನು ಒತ್ತಿ ಮೂರು ಸಾಲನ್ನೂ ಕಳುಹಿಸಿ, ಕೆಳಗೆ "ಒಂದನ್ನು ಒತ್ತಿದ್ದೇನೆ, ನಾಳೆ ಬಂದು ನೋಡಮ್ಮಾ" ಎಂದು ಬರೆದಿದ್ದರು.